ತುಪ್ಪದ ದಾರ

ನಮ್ಮ ಮೋಟರಿಗೆ ಝಹೀರಾಬಾದಿನ ಜನ ಇಟ್ಟಿದ್ದ ಹೆಸರು ಅರ್ಧ ಮೋಟರು. ಮುಂದಿನ ಅರ್ಧ ಯಾವುದೋ ಜಾಗೀರದಾರರ ಮನೆಯಲ್ಲಿ ಮೆರೆದು ಹಳತಾದ ಕಾರು. ಹಿಂದಿನ ಅರ್ಧ ನಮ್ಮೂರಿನ ಬಡಿಗ ಸೀಟು ಕಿತ್ತೊಗೆದು ಕೂಡಿಸಿದ ಹಲಗೆಯ ತೊಟ್ಟಿ. ಹಳ್ಳಿಗಳಿಂದ ಬೆಲ್ಲದ ಪೆಂಟೆ ತಂದು ಸ್ಟೇಷನ್ನಿಗೆ ಮುಟ್ಟಿಸುವುದು ಅದರ ಕೆಲಸ, ಅದನ್ನು ಓಡಿಸುವುದು ನನ್ನ ಕೆಲಸ. ನಿಜಾಮರ ರಾಜ್ಯ, ದೊಡ್ಡ ಯುದ್ಧ ಮುಗಿದು ಒಂದು ವರ್ಷವಾಗಿತ್ತು, ಪೆಟ್ರೋಲು ಇನ್ನೂ ಚೀಟಿಯ ಮೇಲೆಯೇ ಸಿಗುತ್ತಿತ್ತು. ನನಗೆ ಇಪ್ಪತ್ತೆರಡು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ಪಕ್ಕದ ಓಣಿಯ ಅಂಗಡಿಗೆ ಹೋಗುವುದಕ್ಕೂ ನಾನು ಮೋಟರು ತೆಗೆಯುತ್ತಿದ್ದೆ.

ಆ ಬೇಸಿಗೆಯಲ್ಲಿ ಅದರ ನೀರಿನ ಪಂಪು ಮುರಿಯಿತು. ಇಂಜಿನ್ನು ಕಾಯದ ಹಾಗೆ ನೀರು ತಿರುಗಿಸುವ ಪಂಪು ಅದು, ಮೂತಿಗೆ ಫ್ಯಾನು ಕಟ್ಟಿಕೊಂಡು ಇಂಜಿನ್ನಿನ ನೆತ್ತಿಯ ಮೇಲೆ ಕೂತಿರುತ್ತದೆ. ಒಳಗಿನ ಉಕ್ಕಿನ ಕಡ್ಡಿಯೇ ಎರಡು ತುಂಡಾಗಿತ್ತು. ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮುದುಕ ಉಸ್ತಾದರು ಬಂದು ನೋಡಿ, ಇದನ್ನು ಬೆಸೆದು ಪ್ರಯೋಜನವಿಲ್ಲ, ಬೇರೆ ಪಂಪೇ ಬೇಕು ಎಂದರು. ತಾಂಡೂರಿನಲ್ಲಿ ಅಪ್ಪನ ಪರಿಚಯದ ಕಲ್ಲಿನ ವ್ಯಾಪಾರಿಯೊಬ್ಬರ ಹತ್ತಿರ ಇದೇ ಜಾತಿಯ ಒಂದು ಕಾರು ಕೆಟ್ಟು ಬಿದ್ದಿತ್ತು. ಅಪ್ಪ ಕಾಗದ ಬರೆದರು. ಪಂಪು ಬಿಚ್ಚಿಸಿ ಸೋಮವಾರದ ರೈಲಿನಲ್ಲಿ ಗಾರ್ಡಿನ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ ಎಂದು ಉತ್ತರ ಬಂತು.

ಅದೇ ಸೋಮವಾರ ಬೆಳಿಗ್ಗೆ ಅವ್ವನ ತವರಾದ ಸಿರ್ಗಾಪುರದಿಂದ ಸೋದರಮಾವನ ಆಳು ತಟ್ಟು ಕುದುರೆಯ ಮೇಲೆ ಬಂದ. ಅವ್ವನ ತಾಯಿ, ಅಂದರೆ ನಮ್ಮ ಆಯಿ, ನಾಲ್ಕು ದಿನದಿಂದ ಊಟ ಬಿಟ್ಟಿದ್ದಾಳೆ. ಗಂಜಿಗೆ ತುಪ್ಪ ಬಿಟ್ಟು ಕುಡಿಸಿದರೆ ಎರಡು ಗುಟುಕು ಇಳಿಯುತ್ತದೆ, ಅಷ್ಟೇ. ಮಗಳನ್ನು ಕರೆಸಿ, ಅವಳ ಕೈಯಿಂದ ನೀರು ಕುಡಿಯಬೇಕು ಎನ್ನುತ್ತಿದ್ದಾಳೆ. ಆಳು ಇಷ್ಟು ಹೇಳಿ ಜಗುಲಿಯ ಮೇಲೆ ಕೂತ. ಅವ್ವ ಅಳಲಿಲ್ಲ. ಒಳಗೆ ಹೋಗಿ ಎರಡು ಸೀರೆ, ಒಂದು ತಂಬಿಗೆ ತುಪ್ಪ ಗಂಟು ಕಟ್ಟಿಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

ಸಿರ್ಗಾಪುರ ನಾರಾಯಣಖೇಡದ ಆಚೆಗಿದೆ, ನಡುವೆ ಮಾಂಜ್ರಾ ನದಿ. ಬಂಡಿಯಲ್ಲಾದರೆ ಒಂದು ಹಗಲು, ಒಂದು ರಾತ್ರಿ. ಅಪ್ಪ ಎತ್ತು ಬಿಚ್ಚಲು ಎದ್ದೇಬಿಟ್ಟಿದ್ದರು. ತಡೆದವನು ನಾನು.

"ಬಂಡಿ ಯಾಕಪ್ಪ? ಇವತ್ತಿನ ಗಾಡಿಗಿ ಪಂಪು ಬರ್ತದ. ನಾಳಿ ಮಧ್ಯಾಹ್ನಕ್ಕ ಅವ್ವನ್ನ ಸಿರ್ಗಾಪುರದಾಗ ಇಳಸ್ತೀನಿ."

ಅಪ್ಪನಿಗೆ ನನ್ನ ಕೈಗುಣದ ಮೇಲೆ ಅಭಿಮಾನ. ಜೊತೆಗೆ, ಬಿಸಿಲಲ್ಲಿ ಹೆಂಡತಿ ಬಂಡಿಯಲ್ಲಿ ಕುಲುಕಿ ಕುಲುಕಿ ಹಣ್ಣಾಗಿ ಹೋಗುವುದು ಬೇಡವೆಂದೂ ಅನ್ನಿಸಿರಬೇಕು. ಕೈಯಲ್ಲಿದ್ದ ಹಗ್ಗ ಗೂಟಕ್ಕೆ ಸಿಕ್ಕಿಸಿದರು. ಆಳಿಗೆ ರೊಟ್ಟಿ ಕೊಟ್ಟು, ನಾಳೆ ಮೋಟರಿನಲ್ಲಿ ಬರುತ್ತೇವೆಂದು ಹೇಳಿ ಕಳಿಸಿದೆವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಅಂದರೆ ಇದೇ. ನಾನೂ ಅಪ್ಪನೂ ಮಾತಾಡಿ ಮುಗಿಸಿದೆವು, ಅವ್ವ ಗಂಟು ಹಿಡಿದು ನಿಂತೇ ಇದ್ದಳು. ಅವಳ ಮುಖ ನಾನು ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತೋ ಎಂದು ಇಷ್ಟು ವರ್ಷ ಆದಮೇಲೂ ನೆನೆಸುತ್ತೇನೆ.

ಸೋಮವಾರದ ರೈಲಿನಲ್ಲಿ ಪಂಪು ಬರಲಿಲ್ಲ. ವಿಕಾರಾಬಾದಿನಲ್ಲಿ ಗಾಡಿ ಬದಲಾಗುವಾಗ ಹಿಂದೆ ಉಳಿದಿರಬೇಕು, ನಾಳೆ ಬರುತ್ತದೆ ಎಂದರು ಸ್ಟೇಷನ್ನಿನ ಬಾಬು. ಮನೆಗೆ ಹೋಗಿ ಹೇಳಿದೆ. ಆಗಲಾದರೂ ಎತ್ತು ಕಟ್ಟಬಹುದಿತ್ತು. ಆದರೆ ಕಾಯುವುದಕ್ಕೆ ಕೂತವನ ಬುದ್ಧಿಯೇ ಹಾಗೆ. ಇಷ್ಟು ಹೊತ್ತು ಕಾದದ್ದು ದಂಡವಾಗಬಾರದೆಂದು ಇನ್ನಷ್ಟು ಹೊತ್ತು ಕಾಯುತ್ತಾನೆ. ಅವ್ವ ಗಂಟನ್ನು ಬಿಚ್ಚಲೂ ಇಲ್ಲ, ಮೂಲೆಗೆ ಇಡಲೂ ಇಲ್ಲ. ಪಕ್ಕದಲ್ಲಿಟ್ಟುಕೊಂಡೇ ಜೋಳ ಹಸನು ಮಾಡುತ್ತಿದ್ದಳು.

ಮಂಗಳವಾರ ಮಧ್ಯಾಹ್ನ ಗೋಣಿ ಸುತ್ತಿದ ಪಂಪು ಬಂತು. ಉಸ್ತಾದರು ನಮ್ಮ ಅಂಗಳದಲ್ಲೇ ಕೆಲಸಕ್ಕೆ ಕೂತರು. ಮುಂದಿನ ರೇಡಿಯೇಟರು ಇಳಿಸಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂಡಿಸಬೇಕು. ನಡುವೆ ಹಾಕುವ ಗಟ್ಟಿ ಕಾಗದಕ್ಕೆ ನನ್ನ ಹಳೆಯ ಉರ್ದು ಪುಸ್ತಕದ ರಟ್ಟನ್ನೇ ಕತ್ತರಿಸಿ ಕೊಟ್ಟೆ. ಆ ಪುಸ್ತಕ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಎಲ್ಲ ಸರಿಯಾಗಿತ್ತು. ಕೊನೆಗೆ ಉಳಿದದ್ದು ದಾರ.

ಪಂಪಿನ ಕಡ್ಡಿ ಹೊರಗೆ ಬರುವ ತೂತಿನಲ್ಲಿ ನೀರು ಸೋರದಂತೆ ಸುತ್ತಲೂ ನೂಲಿನ ದಪ್ಪ ದಾರ ತುಂಬಿ ಮೇಲೆ ತಿರುಪು ಬಿಗಿಯಬೇಕು. ತಾಂಡೂರಿನ ಪಂಪಿನಲ್ಲಿದ್ದ ದಾರ ಒಣಗಿ ಪುಡಿಯಾಗಿತ್ತು. ಉಸ್ತಾದರು ತಮ್ಮ ಡಬ್ಬಿ ತೆರೆದು ಕಪ್ಪು ಪುಡಿ ಕಲಸಿದ ಚರಬಿಯಲ್ಲಿ ಅದ್ದಿಟ್ಟ ದಾರ ತೆಗೆದರು. ಯಾವ ಪ್ರಾಣಿಯ ಕೊಬ್ಬೋ. ನಾನು ಹಿಂದೆ ಸರಿದೆ. ನಮ್ಮದು ಲಿಂಗ ಕಟ್ಟಿದ ಮನೆ. ಅದೇ ಅಂಗಳ ದಾಟಿದರೆ ಪೂಜೆಯ ಕೋಣೆ. ಕೊರಳಲ್ಲಿ ಲಿಂಗ ಧರಿಸಿ, ಹಣೆಗೆ ವಿಭೂತಿ ಹಚ್ಚಿ, ಸಾಯುವ ತಾಯಿಯ ಬಾಯಿಗೆ ನೀರು ಬಿಡಲು ಹೊರಟ ಅವ್ವ ಚರಬಿಯ ಮೋಟರಿನಲ್ಲಿ ಕೂರುವುದೇ? ಮೊದಲಿನ ಪಂಪಿನಲ್ಲಿ ಏನಿತ್ತೋ ನಾನು ಯಾವತ್ತೂ ಕೇಳಿರಲಿಲ್ಲ, ಕಣ್ಣಿಗೆ ಕಾಣದ್ದಕ್ಕೆ ಮೈಲಿಗೆಯಿಲ್ಲ. ಇದು ಕಣ್ಣೆದುರಿಗೇ ಇತ್ತು. ದಾರವನ್ನು ತುಪ್ಪದಲ್ಲಿ ಅದ್ದಿ ಹಾಕೋಣ ಎಂದೆ.

ಉಸ್ತಾದರು ದಾರ ಕೆಳಗಿಟ್ಟು ಕೈ ಒರೆಸಿಕೊಂಡರು. ನಮ್ಮ ಮನೆಯ ನೀರಿನ ಗಡಿಗೆಯನ್ನು ಎಂದೂ ಮುಟ್ಟದೆ, ಕೊಟ್ಟರಷ್ಟೇ ಕುಡಿಯುತ್ತಿದ್ದ ಮನುಷ್ಯ ಅವರು.

"ಬೇಟಾ, ತುಪ್ಪ ಗರಮ್ ಆದ್ರ ನೀರಾಗಿ ಹರದು ಹೋಗ್ತದ. ಚರಬಿ ನಿಂದರ್ತದ. ಒಳಗ ಹೋಗಿ ಅಮ್ಮಾರಿಗಿ ಒಂದ್ ಮಾತು ಕೇಳು. ಅವರು ಬ್ಯಾಡ ಅಂದ್ರ ಬ್ಯಾಡ."

"ಕೇಳೋದೇನದರಿ ಉಸ್ತಾದರ? ನಮ್ಮನಿ ರಿವಾಜು ನನಗ ಗೊತ್ತಿಲ್ಲೇನು?"

ಒಳಗೆ ಹೋದೆ. ಅವ್ವನನ್ನು ಕೇಳಿದ್ದು ತುಪ್ಪವನ್ನು ಮಾತ್ರ. ಯಾಕೆಂದು ಅವಳು ಕೇಳಲಿಲ್ಲ. ಹೊರಡುವ ಮೊದಲು ದೀಪ ಹಚ್ಚುವುದಕ್ಕಿರಬೇಕೆಂದುಕೊಂಡಳಂತೆ. ಮನೆಯ ತುಪ್ಪವನ್ನೆಲ್ಲ ಆಯಿಗೆಂದೇ ಕಟ್ಟಿದ್ದರಿಂದ ಗಂಟು ಬಿಚ್ಚಿ ಅದೇ ತಂಬಿಗೆಯಿಂದ ಒಂದು ಬಟ್ಟಲು ಬಗ್ಗಿಸಿ ಕೊಟ್ಟಳು. ಉಸ್ತಾದರು ದಾರ ಅದ್ದಿ ತುಂಬಿ ಬಿಗಿದರು. ಸಂಜೆಗೆ ಇಂಜಿನ್ನು ಶುರು ಮಾಡಿ ಸ್ವಲ್ಪ ಹೊತ್ತು ಓಡಿಸಿದೆವು. ಒಂದು ಹನಿ ಸೋರಲಿಲ್ಲ. ನಾನು ಗೆದ್ದವನಂತೆ ಅವರ ಮುಖ ನೋಡಿದೆ. ಅವರು ಡಬ್ಬಿ ಮುಚ್ಚಿಕೊಂಡು, ನಿಧಾನಕ್ಕೆ ಹೋಗು ಎಂದಷ್ಟೇ ಹೇಳಿ ಹೋದರು. ಕತ್ತಲಲ್ಲಿ ನದಿ ದಾಟುವಂತಿರಲಿಲ್ಲವಾದ್ದರಿಂದ ಬುಧವಾರ ನಸುಕಿಗೆ ಹೊರಡುವುದೆಂದಾಯಿತು.

ಝರಾಸಂಗಂ ದಾಟುವವರೆಗೆ ಮೋಟರು ಹೂವಿನ ಹಾಗೆ ಓಡಿತು. ಅವ್ವ ನನ್ನ ಪಕ್ಕದಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾಂಜ್ರಾ ಆಗ ಬತ್ತಿ ಒಂದು ಕಾಲುವೆಯಷ್ಟು ಹರಿಯುತ್ತಿತ್ತು, ಉಳಿದದ್ದೆಲ್ಲ ಮರಳು. ಬಂಡಿಗೆ ಅದು ದಾರಿ, ಮೋಟರಿಗೆ ಅಲ್ಲ. ಗಾಲಿಯ ಕೆಳಗೆ ಈಚಲ ಗರಿ ಹಾಸುತ್ತ, ಇಂಜಿನ್ನನ್ನು ಅರಚಿಸುತ್ತ ಅರ್ಧ ಮರಳು ದಾಟಿಸಿದೆ. ಆಗ ವಾಸನೆ ಬಂತು. ಹಬ್ಬದ ದಿನ ಹೋಳಿಗೆ ಬೇಯಿಸುವ ಮನೆಯ ವಾಸನೆ.

ಬಾನೆಟ್ಟು ಎತ್ತಿದೆ. ಪಂಪಿನ ಕುತ್ತಿಗೆಯಿಂದ ತುಪ್ಪ ಕರಗಿ ಇಳಿದಿತ್ತು, ಅದರ ಹಿಂದೆ ಕುದಿಯುವ ನೀರು ಧಾರೆಯಾಗಿ ಬರುತ್ತಿತ್ತು. ತಿರುಪು ಬಿಗಿದೆ. ಇನ್ನಷ್ಟು ಸೋರಿತು. ರುಮಾಲು ಹರಿದು ಸುತ್ತಿದೆ, ಕಡ್ಡಿ ಎರಡು ನಿಮಿಷದಲ್ಲಿ ಅದನ್ನು ಚಿಂದಿ ಮಾಡಿ ಉಗುಳಿತು. ನದಿ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ನೀರಿಗೇನೂ ಬರವಿಲ್ಲ. ಡಬ್ಬಿಯಲ್ಲಿ ತಂದು ಸುರಿಯುವುದು, ಅದು ಸೋರಿ ಮರಳಿಗೆ ಇಳಿಯುವುದು, ಮತ್ತೆ ತರುವುದು. ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಮೋಟರನ್ನೂ ತಾಂಡೂರನ್ನೂ ಬಾಯಿಗೆ ಬಂದಂತೆ ಬೈದೆ. ಕೊನೆಗೆ ಇಂಜಿನ್ನು ಬಿಗಿದುಕೊಂಡು ನಿಂತೇಬಿಟ್ಟಿತು. ಹ್ಯಾಂಡಲಿಗೆ ಮೈಭಾರ ಹಾಕಿದರೂ ಅಲುಗಲಿಲ್ಲ. ಅಷ್ಟು ಕೈಲಾಗದವನಾಗಿ ನಾನು ಅದಕ್ಕೆ ಮೊದಲು ಎಂದೂ ನಿಂತಿರಲಿಲ್ಲ.

ಅವ್ವ ಇಳಿದು ಬಂದು ಪಕ್ಕದಲ್ಲಿ ನಿಂತಳು.

"ಇದು ನಾ ಕೊಟ್ಟ ತುಪ್ಪದ ವಾಸನಿ ಅಲ್ಲೇನು?"

ಹೇಳಿದೆ. ಚರಬಿ, ಉಸ್ತಾದರ ಮಾತು, ಎಲ್ಲ. ಅವಳಿಗೆ ಮೈಲಿಗೆಯಾಗಬಾರದೆಂದು ಹಾಗೆ ಮಾಡಿದೆ ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಸೀಟಿನಿಂದ ಗಂಟು ತೆಗೆದುಕೊಂಡು, ಸೆರಗು ತಲೆಯ ಮೇಲೆಳೆದು, ನದಿಗಿಳಿದು ಆಚೆ ದಡದ ಕಡೆ ನಡೆಯತೊಡಗಿದಳು. ನಾನು ಮೋಟರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಓಡಿದೆ.

ನದಿಯ ಮರಳಿನಲ್ಲಿ ಕರಬೂಜ ಬೆಳೆದವರ ಬಂಡಿಯೊಂದು ನಾರಾಯಣಖೇಡದ ಸಂತೆಗೆ ಹೊರಟಿತ್ತು. ಅವರು ಹಣ್ಣು ಸರಿಸಿ ಅವ್ವನಿಗೆ ಜಾಗ ಮಾಡಿಕೊಟ್ಟರು. ಖೇಡದಲ್ಲಿ ಇನ್ನೊಂದು ಬಂಡಿ ಹಿಡಿದೆವು. ಎತ್ತಿನ ನಡಿಗೆ ನೋಡುತ್ತ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಸೋಮವಾರ ಕಟ್ಟಿದ್ದರೆ ಮಂಗಳವಾರ ಬೆಳಿಗ್ಗೆಯೇ ಮುಟ್ಟುತ್ತಿದ್ದೆವು.

ಹೊತ್ತು ಮುಳುಗುವಾಗ ಸಿರ್ಗಾಪುರ ಸೇರಿದೆವು. ಮಣ್ಣು ಮಾಡಿ ಬಂದವರು ಮನೆಯ ಮುಂದೆ ಸ್ನಾನ ಮಾಡುತ್ತಿದ್ದರು. ಆಯಿ ಬೆಳಿಗ್ಗೆ ಹೋಗಿದ್ದಳು. ಬೇಸಿಗೆಯಾದರೂ ಮಧ್ಯಾಹ್ನದವರೆಗೆ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿಕೊಂಡು ನಮ್ಮ ದಾರಿ ಕಾದಿದ್ದರು. ಸೋದರಮಾವನ ಹೆಂಡತಿ ಅವ್ವನನ್ನು ತಬ್ಬಿ ಅಳುತ್ತಲೇ ಎಲ್ಲ ಹೇಳಿದಳು. ಆಳು ಹೋಗಿ ಸುದ್ದಿ ಮುಟ್ಟಿಸಿದ ಮೇಲೆ ಆಯಿ ಹಟ ಹಿಡಿದು ಮಂಚವನ್ನು ತಲೆಬಾಗಿಲಿಗೆ ಹಾಕಿಸಿಕೊಂಡಳಂತೆ. ಮಂಗಳವಾರ ಇಡೀ ದಿನ ಓಣಿಯಲ್ಲಿ ಏನು ಸದ್ದಾದರೂ ಮೋಟರು ಬಂತೇನು ಎಂದು ಕೇಳುತ್ತಿದ್ದಳಂತೆ. ಬೇರೆಯವರ ಕೈಯಿಂದ ನೀರು ಬೇಡವೆಂದಳಂತೆ, ಮಗಳು ಬರುತ್ತಾಳಲ್ಲ ಎಂದು.

ಮರುದಿನ ಬೆಳಿಗ್ಗೆ ಹೊಲದ ಬದುವಿನಲ್ಲಿ, ಹಸಿ ಮಣ್ಣಿನ ಎದುರಿಗೆ, ನಾನು ಅವ್ವನ ಕಾಲು ಹಿಡಿದುಕೊಂಡು ಅತ್ತೆ. ನಿನ್ನ ಸಲುವಾಗಿಯೇ ಮಾಡಿದೆ ಎಂದು ಅದನ್ನೇ ಮತ್ತೆ ಹೇಳಿದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಕೇಳಿದ್ದರ ಹಾಕು ಅಂತಿದ್ದೆ. ಲಿಂಗ ನನ್ನ ಕೊರಳಾಗದ, ಮೋಟರಿನ ಹೊಟ್ಟ್ಯಾಗ ಇಲ್ಲ. ಎತ್ತು ಕಟ್ರಿ ಅಂತನೂ ಅಂತಿದ್ದೆ. ನನ್ನ ಕೇಳಿದವರು ಯಾರು?"

ನಾಲ್ಕು ಜೊತೆ ಎತ್ತು ಕಟ್ಟಿ ಮೋಟರನ್ನು ಮರಳಿನಿಂದ ಎಳೆಸಿ ತಂದೆವು. ಉಸ್ತಾದರು ಇಂಜಿನ್ನು ಬಿಚ್ಚಿ ಸರಿಮಾಡಿ, ತಮ್ಮ ಡಬ್ಬಿಯ ದಾರ ತುಂಬಿದರು. ಆಮೇಲೆ ಅದು ಮೂರು ವರ್ಷ ಓಡಿತು. ಅವ್ವ ಅದರಲ್ಲಿ ಓಡಾಡುವುದನ್ನು ಬಿಡಲಿಲ್ಲ. ಝರಾಸಂಗಂಗೆ ದೇವರ ದರ್ಶನಕ್ಕೆ ಹೋಗುವಾಗಲೂ ವಿಭೂತಿ ಹಚ್ಚಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ನಾನು ಹ್ಯಾಂಡಲು ತಿರುಗಿಸುವ ಮೊದಲು ಪ್ರತಿ ಸಲವೂ, ಮನೆಯ ಬಾಗಿಲಿಗೆ ಕೀಲಿ ಹಾಕಿದೆಯಾ ಎಂದು ಕೇಳುವವಳ ಹಾಗೆ ಕೇಳುತ್ತಿದ್ದಳು.

"ಚರಬಿ ಹಾಕೀಯಿಲ್ಲ?"

"ಹಾಕೀನವ್ವ," ಎನ್ನುತ್ತಿದ್ದೆ.