ಹನ್ನೆರಡರ ಸುದ್ದಿಯಿಂದ ಬಿದ್ದುಹೋದ ಸಾಲು

ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಫ್ರೆಂಚ್ ಮಾತಾಡುವ ಒಂದು ದ್ವೀಪವಿದೆ. ಅಲ್ಲಿ ಹಗಲು ಹನ್ನೆರಡಕ್ಕೆ ರೇಡಿಯೋದವರು ಸಾವಿನ ಸುದ್ದಿ ಓದುತ್ತಾರೆ. ಆಗ ಒಲೆ ಮೇಲಿನ ಕೋಳಿ ಸಾರು ಸೀದರೆ ಸೀಯಲಿ, ಯಾರೂ ಏಳುವುದಿಲ್ಲ. ಸತ್ತದ್ದು ಯಾರೆಂದು ಊರಿಗೆ ಮೊದಲೇ ಗೊತ್ತು. ಕಿವಿ ಇರುವುದೆಲ್ಲ ಮನೆಯವರು ಯಾರ ಹೆಸರು ಸೇರಿಸಿದ್ದಾರೆ, ಯಾರನ್ನು ಕೈಬಿಟ್ಟಿದ್ದಾರೆ ಎಂಬುದರ ಮೇಲೆ.

ಸುದ್ದಿಯನ್ನು ಓದುವ ಹಾಗೆ ಮಾಡಿಕೊಡುವವನು ರೇಡಿಯೋ ಕಚೇರಿಯ ಒಡಿಲಾನ್. ಮಾತು ಕಡಿಮೆ, ಮೂಗಿನ ತುದಿಯಲ್ಲೇ ಸಿಟ್ಟು. ಮನೆಯವರು ಸುದ್ದಿ ಬರೆಸುವ ಶವಸಂಸ್ಕಾರದ ಅಂಗಡಿಯ ಕಂಪ್ಯೂಟರ್ ಅಕ್ಷರಗಳನ್ನು ಹಳೇ ಲೆಕ್ಕದಲ್ಲಿ ಬರೆಯುತ್ತದೆ, ರೇಡಿಯೋದ್ದು ಹೊಸ ಲೆಕ್ಕದಲ್ಲಿ ಓದುತ್ತದೆ. ಹಾಗಾಗಿ ನೆತ್ತಿಯ ಮೇಲೆ ಗೆರೆಯಿರುವ ಫ್ರೆಂಚ್ ಅಕ್ಷರಗಳೆಲ್ಲ ಕಸವಾಗಿ ಬರುತ್ತವೆ. ಒಡಿಲಾನ್ ಕಪ್ಪು ಪರದೆಯಲ್ಲಿ ‘ಸೆಡ್’ ಎಂದು ಶುರುವಾಗುವ ಒಂದೇ ಸಾಲಿನ ಆಜ್ಞೆ ಕೊಡುತ್ತಾನೆ. ಈ ಕಸ ಕಂಡರೆ ಈ ಅಕ್ಷರ ಹಾಕು ಅಂತ. ಅದು ಸಾಲುಸಾಲಾಗಿ ತಿದ್ದಿಕೊಂಡು ಹೋಗುತ್ತದೆ.

ಒಮ್ಮೆ ಹೊಸ ನಮೂನೆಯ ಕಸ ಉಳಿದುಬಿಟ್ಟಿತ್ತು. ಸುದ್ದಿ ಓದುವಾಕೆ ಅದನ್ನೂ ಓದಲು ಹೋಗಿ ಕಿಸಕ್ಕನೆ ನಕ್ಕಳು. ಸತ್ತವರ ಮನೆಯವರು ಬಂದು ಉಗಿದು ಹೋದರು. ತಲೆ ಕೆಟ್ಟ ಒಡಿಲಾನ್ ಆಜ್ಞೆಗೆ ಬಾಲ ಸೇರಿಸಿದ: ತಿದ್ದಿದ ಮೇಲೂ ಕಸ ಉಳಿದರೆ ಆ ಸಾಲನ್ನೇ ಕಿತ್ತು ಬಿಸಾಡು. ಆಮೇಲೆ ಯಾರೂ ನಗಲಿಲ್ಲ.

ಮೀನುಗಾರ ಟಿಯೊಫಿಲ್ ತೀರಿಕೊಂಡ ಮರುದಿನ ಅವನ ಮಗ ಒರೆಲ್ ರೇಡಿಯೋ ಕಚೇರಿಗೆ ನುಗ್ಗಿದ. ಅಪ್ಪ ದೋಣಿಯನ್ನು ಅಳಿಯನಿಗೆ ಕೊಟ್ಟಾಗಿನಿಂದ ಅವನಿಗೂ ತಂಗಿ ನೊಯೆಲಾಗೂ ಮಾತಿಲ್ಲ. ಈಗ ಅವಳು ಬರೆಸಿದ ಸುದ್ದಿಯಲ್ಲಿ ಅವನ ಹೆಸರೂ ಇಲ್ಲ. ನಾಳೆ ಅಪ್ಪನ ಮಣ್ಣಿಗೆ ಇಗರ್ಜಿಗೆ ಕಾಲಿಡುವುದಿಲ್ಲ ಅಂದ.

“ಅವಳು ಕೊಟ್ಟಿದ್ದನ್ನ ಹಾಗೇ ಅಚ್ಚು ಹಾಕ್ಕೊಡು ಮಾರಾಯ. ಗೋಡೆಗೆ ಮೊಳೆ ಹೊಡೆದು ಇಟ್ಕೋತೀನಿ.”

ಒಡಿಲಾನ್ ತಿದ್ದುವ ಮುಂಚಿನ ಪ್ರತಿ ತೆಗೆದ. ಅದರಲ್ಲಿ ಒಂದು ಸಾಲು ಹೆಚ್ಚಿತ್ತು. ನೊಯೆಲಾ ಅದನ್ನು ಆಮೇಲೆ ತನ್ನ ಫೋನಿನಿಂದ ಬರೆದು ಸೇರಿಸಿದ್ದಳು, ಅದಕ್ಕೇ ಅದರ ಕಸವೂ ಬೇರೆ ನಮೂನೆಯದು. ಒರೆಲ್‌ನ ಹೆಸರಿನ ನಡುವೆ ಕಸ ಕೂತಿತ್ತು, ಮಿಕ್ಕಿದ್ದು ಸ್ಪಷ್ಟ: ‘ಶವಪೆಟ್ಟಿಗೆಯ ಮುಂದಿನ ಮೂಲೆಗೆ ಅಣ್ಣ ಒರೆಲ್ ಹೆಗಲು ಕೊಡುತ್ತಾನೆ.’

ಒಡಿಲಾನ್ ಪರದೆಯನ್ನು ಒರೆಲ್ ಕಡೆ ತಿರುಗಿಸಿದ.

“ನಿನ್ನ ತಂಗಿ ಬಿಟ್ಟಿಲ್ಲ ಕಣೋ. ಬಿಸಾಕಿದ್ದು ನಾನು. ತಿದ್ದಿ ಒಂದು ಗಂಟೆಗೆ ಮತ್ತೆ ಓದಿಸ್ತೀನಿ.”

ಒರೆಲ್ ಆ ಸಾಲು ಓದಿ ಟೋಪಿ ತೆಗೆದ.

“ಓದಿಸೋದು ಆಮೇಲಾಯ್ತು. ನಾಳೆ ಎಷ್ಟು ಗಂಟೆಗಂತೆ? ನನ್ನ ಹೆಸರು ಬರ್ಲಿಲ್ಲ ಅಂತ ರೇಡಿಯೋ ಆರಿಸಿಬಿಟ್ಟಿದ್ದೆ.”

“ಹತ್ತಕ್ಕೆ,” ಅಂದ ಒಡಿಲಾನ್. “ಹೆಗಲು ಕೊಡೋರು ಅರ್ಧ ಗಂಟೆ ಮುಂಚೆ.”