ಲೈನ್ ಅನ್ನೋ ಪದ ಮತ್ತು ಕಂಬದ ಮೇಲಿದ್ದ ರಂಗಪ್ಪ

...ಕ್ಷಮಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇನೆ. ಹಿಂದಿನ ವಾಯ್ಸ್ ನೋಟ್ ಅಳಿಸಿಬಿಟ್ಟೆ. ಅದರಲ್ಲಿ ತಪ್ಪು ಯಾರದು ಅನ್ನುವುದನ್ನು ಸುತ್ತಿ ಬಳಸಿ ಹೇಳಿದ್ದೆ.

ತಪ್ಪು ನನ್ನದು.

ಹೊಸದುರ್ಗದ ಕಡೆ ನಾನು ಲೈನ್‌ಮನ್, ನಿಮಗೆ ಗೊತ್ತಿರುವುದೇ. ಹೋದ ಭಾನುವಾರ ಊಟಕ್ಕೆ ಕೂತಾಗ ಇಂಗ್ಲಿಷ್ ಎಂ.ಎ. ಓದುತ್ತಿರುವ ಮಗಳು ಕೇಳಿದಳು, "ಅಪ್ಪಾಜಿ, ದಿನಾ ಲೈನ್ ಲೈನ್ ಅಂತೀಯಲ್ಲ, ಆ ಪದ ಎಲ್ಲಿಂದ ಬಂತು ಗೊತ್ತಾ? ನಿನ್ನ ತಟ್ಟೆಯಾಗೇ ಐತೆ ನೋಡು."

ತಟ್ಟೆಯಲ್ಲಿ ರೊಟ್ಟಿ, ಅಗಸೆ ಚಟ್ನಿಪುಡಿ.

ಲ್ಯಾಟಿನ್ ಭಾಷೆಯಲ್ಲಿ ಅಗಸೆ ಗಿಡಕ್ಕಿದ್ದ ಹೆಸರು ಅದರ ನಾರಿನ ದಾರಕ್ಕೆ ಬಂದು, ಆ ದಾರವೇ ಕೊನೆಗೆ ಲೈನ್ ಆಯಿತಂತೆ. ಎಳೆದು ಕಟ್ಟಿದ ದಾರ ನೆಟ್ಟಗಿರುತ್ತದಲ್ಲ... ಹಾಗಾಗಿ ಗೆರೆಯೂ ಲೈನ್, ಸಾಲೂ ಲೈನ್, ನಮ್ಮ ಕರೆಂಟ್ ತಂತಿಯೂ ಲೈನ್.

ಇಪ್ಪತ್ತಾರು ವರ್ಷದಿಂದ ಬಾಯಲ್ಲಿರುವ ಪದ. ನನಗೆ ತಡೆಯಲಾಗಲಿಲ್ಲ, ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ರೇಷನ್ ಅಂಗಡಿ ಮುಂದೆ ಲೈನ್, ಗಾರೆಯವನು ಗೋಡೆಗೆ ಹಿಡಿಯುವುದು ಲೈನ್ ದಾರ, ಲಾರಿ ಡ್ರೈವರ್ ಊರು ಬಿಟ್ಟರೆ ಲೈನಿಗೆ ಹೋದ, ಕಾಲೇಜು ಹುಡುಗರು ಹೊಡೆಯುವುದೂ ಲೈನೇ.

ಮಂಗಳವಾರ ಮಧ್ಯಾಹ್ನ ಹಾಲುರಾಮೇಶ್ವರದ ದಾರಿಯಲ್ಲಿ ಒಂದು ತೆಂಗಿನ ತೋಟ. ಗರಿ ಬಿದ್ದು ತಂತಿ ಹರಿದಿತ್ತು. ನಾನು, ನನ್ನ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿರುವ ರಂಗಪ್ಪ.

ಕಂಬ ಹತ್ತುವ ಮುಂಚೆ ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅವರು ಕರೆಂಟ್ ತೆಗೆಯುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ರಿಟರ್ನ್ ಕೊಡಬೇಕು, ಆಮೇಲೇ ಕರೆಂಟ್ ಬಿಡುವುದು. ಅವತ್ತು ತೆಗೆದುಕೊಂಡವನು ನಾನು.

ನಮ್ಮಿಬ್ಬರದು ಇನ್ನೊಂದು ಪದ್ಧತಿ ಇತ್ತು. ಮೇಲೆ ಹೋದವನು ಇಳಿದು ತನ್ನ ಹಗ್ಗವನ್ನು ಕೆಳಗಿದ್ದವನ ಕೈಗೆ ಕೊಡಬೇಕು. ಹಗ್ಗ ಕೈಯಲ್ಲಿದ್ದರೆ ಮಾತ್ರ ರಿಟರ್ನ್.

ರಂಗಪ್ಪ ತಂತಿ ಕಟ್ಟಿ ಇಳಿದು ಹಗ್ಗ ಕೊಟ್ಟ. ನಾನು ಅದನ್ನು ಹೆಗಲಿಗೆ ಹಾಕಿಕೊಂಡು ತೋಟದ ಯಜಮಾನರಿಗೆ ಅಗಸೆ ಕಥೆ ಹೇಳುತ್ತಿದ್ದೆ.

"ಹಂಗಾದ್ರೆ ನನ್ನ ಮೋಟ್ರಿಗೆ ನೀವು ಬಿಡೋದು ಚಟ್ನಿಪುಡಿನಾ? ಅದಕ್ಕೇ ಓಡ್ತಿಲ್ಲ ಬಿಡ್ರಿ" ಅಂದರು ಅವರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ನಗುವಿನ ಮಧ್ಯೆ ರಂಗಪ್ಪ ನನ್ನ ಹೆಗಲಿಂದ ಹಗ್ಗ ಎತ್ತಿಕೊಂಡ. "ಆ ಕಡೆ ಕಂಬದಾಗೆ ಜಂಪರ್ ತಂತಿ ಲೂಸ್ ಐತೆ, ನೋಡ್ಬಿಡ್ತೀನಿ ಕಣಪ್ಪ" ಅಂದ. ನಾನು ತಲೆಯಾಡಿಸಿದೆ. ಆಡಿಸಿದ್ದು ನೆನಪಿದೆ.

ಅಷ್ಟರಲ್ಲಿ ಸ್ಟೇಷನ್ನಿನ ಆಪರೇಟರ್ ಹುಡುಗಿ ಫೋನ್ ಮಾಡಿದಳು. "ಅಣ್ಣ, ಮುಗೀತಾ?"

"ಮುಗೀತಮ್ಮ, ರಿಟರ್ನ್ ತಗೋ" ಅಂದೆ. ಹಗ್ಗ ನೋಡಲಿಲ್ಲ. ಮೇಲೆ ನೋಡಲಿಲ್ಲ. ಮತ್ತೆ ಕಥೆಗೆ ತಿರುಗಿದೆ...

ಢಮ್ ಎಂದಿತು.

ತಿರುಗಿ ನೋಡಿದರೆ ಆ ಕಂಬದ ತುದಿಯಲ್ಲಿ ಹೊಗೆ, ರಂಗಪ್ಪ ಕಂಬವನ್ನು ತಬ್ಬಿಕೊಂಡಿದ್ದಾನೆ. ಯಜಮಾನರು ನೆಲದ ಮೇಲೆ ಕೂತುಬಿಟ್ಟಿದ್ದಾರೆ.

ಅವನು ಬದುಕಿದ್ದ.

ತಂತಿ ಮುಟ್ಟುವ ಮುಂಚೆ ಅದಕ್ಕೆ ಅರ್ಥ್ ಚೈನ್ ಹಾಕಿಕೊಂಡಿದ್ದ. ಬಂದ ಕರೆಂಟ್ ಚೈನ್ ಹಿಡಿದು ಭೂಮಿಗೆ ಇಳಿದು, ಸ್ಟೇಷನ್ನಿನಲ್ಲಿ ಟ್ರಿಪ್ ಆಗಿ ನಿಂತುಹೋಯಿತು. ಎರಡು ನಿಮಿಷದ ಕೆಲಸಕ್ಕೆ ಯಾರೂ ಚೈನ್ ಹಾಕುವುದಿಲ್ಲ. ನಾನಂತೂ ಹಾಕುತ್ತಿರಲಿಲ್ಲ.

ಇಳಿದವನೇ ಸ್ಟೇಷನ್ನಿಗೆ ಫೋನ್ ಹಚ್ಚಿದ. "ಯಾರಮ್ಮ ನಿಂಗೆ ರಿಟರ್ನ್ ಕೊಟ್ಟೋರು?" ಅಂದ.

ಅವಳ ಅಳು ನನಗೂ ಕೇಳಿಸಿತು. "ನಿಮ್ ಜೊತೆಗಿರೋ ಅಣ್ಣನೇ ಕೊಟ್ರಲ್ಲ..."

ರಂಗಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಗ್ಗ ಸುತ್ತಿ ನನ್ನ ಕೈಗಿಟ್ಟು, "ಈಗ ಇಳಿದೀನಿ. ಈಗ ಹೇಳು ಆಯಮ್ಮಗೆ" ಅಂದ.

ಮಾರನೆಯ ದಿನ ರಜೆ ಹಾಕಿ ಹಿರಿಯೂರಿಗೆ, ಹೆಂಡತಿಯ ತವರಿಗೆ ಹೋದ. ಮೂರು ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ. ಬೇರೆ ಜೋಡಿ ಕೊಡಿ ಅಂತ ಸೆಕ್ಷನ್ ಆಫೀಸಿನಲ್ಲಿ ಕೇಳಿದ್ದಾನಂತೆ.

ಆ ಹುಡುಗಿಯ ಮೇಲೆ ಮಾತು ಬರಬಾರದೆಂದು ತಪ್ಪು ನನ್ನದೇ ಅಂತ ಬರೆದುಕೊಟ್ಟಿದ್ದೇನೆ. ಕಂಬದ ಕಡೆ ತಲೆ ಎತ್ತಲು ಆಗುತ್ತಿಲ್ಲ.

ಒಂದು ಕೇಳಲಾ? ನೀವು ರಂಗಪ್ಪನ ಜಾಗದಲ್ಲಿದ್ದರೆ, ನನ್ನನ್ನು ಕೆಳಗೆ ನಿಲ್ಲಿಸಿಕೊಂಡು ಮತ್ತೆ ಕಂಬ ಹತ್ತುತ್ತಿದ್ದಿರಾ?

ಇರಿ, ಫೋನ್ ಬರುತ್ತಿದೆ... ರಂಗಪ್ಪನದು. ಇಡುತ್ತೇನೆ.