ಬರ್ತೀನಿ ಎಂದು ಹೋಗುವವರು

ತಾಂಡೂರಿನ ನಮ್ಮ ಮನೆಯಲ್ಲಿ ಹೊರಗೆ ಹೊರಟವರನ್ನು “ಎಲ್ಲಿಗೆ?” ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಅತ್ತೆಯವರ ನಂಬಿಕೆ. ಹೊರಡುವವರಿಗೂ ಒಂದು ಕಟ್ಟಳೆ ಉಂಟು. “ಹೋಗ್ತೀನಿ” ಅನ್ನಬಾರದು, “ಬರ್ತೀನಿ” ಅನ್ನಬೇಕು. ಹೋಗ್ತೀನಿ ಎನ್ನುವುದು ಮತ್ತೆ ಬಾರದವರ ಮಾತು. ನನ್ನ ತವರು ಜಹೀರಾಬಾದಿನಲ್ಲೂ ಇದೇ ಪದ್ಧತಿ, ಆದ್ದರಿಂದ ಸೊಸೆಯಾಗಿ ಬಂದಾಗ ಇದನ್ನು ಕಲಿಯುವ ಕಷ್ಟ ನನಗಿರಲಿಲ್ಲ. ಕಷ್ಟವಿದ್ದದ್ದು ತಲಬಾಗಿಲ ಪಕ್ಕದ ಹೊರಸನ್ನು ದಾಟಿ ಹೋಗುವುದರಲ್ಲಿ.

ಆ ಹಗ್ಗದ ಮಂಚದ ಮೇಲೆ ಅತ್ತೆ ಕೂತಿರುತ್ತಾರೆ. ಕಣ್ಣಿನ ಆಪರೇಷನ್ ಆದ ಮೇಲೂ ಅವರಿಗೆ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಆದರೆ ಹೊಸ್ತಿಲ ಒಳಗೆ ಹಾಸಿದ ಫರ್ಸಿ ಕಲ್ಲೊಂದು ಸಡಿಲಾಗಿದೆ, ಯಾರು ಕಾಲಿಟ್ಟರೂ ಟಕ್ ಎನ್ನುತ್ತದೆ. ನನ್ನ ಗಂಡನದು ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಊರಿಗೆಲ್ಲ ಕಲ್ಲು ಕೂಡಿಸುವವನ ಮನೆಯ ಕಲ್ಲೇ ಅಲುಗುತ್ತದೆ ಎಂದು ಓಣಿಯವರು ನಗುತ್ತಾರೆ. ಅತ್ತೆ ಅದನ್ನು ಕೂಡಿಸಲು ಬಿಟ್ಟಿಲ್ಲ. ಟಕ್ ಎಂದ ತೂಕದ ಮೇಲೆ, ಚಪ್ಪಲಿಯ ಸಪ್ಪಳದ ಮೇಲೆ, ದಾಟಿದವರು ಯಾರೆಂದು ಅವರಿಗೆ ಗೊತ್ತಾಗುತ್ತದೆ. ಹೋದರೋ ಬಂದರೋ ಎಂಬುದು ಮಾತ್ರ ಕಲ್ಲಿನಿಂದ ಗೊತ್ತಾಗುವುದಿಲ್ಲ, ಯಾಕೆಂದರೆ ಎರಡಕ್ಕೂ ಅದೇ ಟಕ್. ಅದನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಮಗನ ಒಂದು ಟಕ್ ಕೇಳಿದರೆ ಹೋದ, ಇನ್ನೊಂದು ಕೇಳಿದರೆ ಬಂದ.

ಈ ಅಭ್ಯಾಸ ಅವರಿಗೆ ಹುಡುಗಿಯಾಗಿದ್ದಾಗಿನಿಂದ ಬಂದದ್ದು. ನಾರಾಯಣಖೇಡದ ಕಡೆ, ಸಿರ್ಗಾಪುರದ ಹತ್ತಿರ ಅವರ ತವರು. ಕುರಿ ಸಾಕುವ ಮನೆ. ಬೆಳಿಗ್ಗೆ ಹಟ್ಟಿಯ ಕಂಡಿಯಲ್ಲಿ ನಿಂತು ಹೋಗುವ ಕುರಿಯ ಬೆನ್ನಿಗೆ ಕೈ ತಾಗಿಸಿ ಬಿಡುವುದು, ಸಂಜೆ ಬರುವ ಕುರಿಗೂ ಹಾಗೇ. ಹೋದದ್ದು ಬರಲೇಬೇಕು, ಬಾರದಿದ್ದರೆ ಯಾರಾದರೂ ಹುಡುಕಿಕೊಂಡು ಹೊರಡಬೇಕು. ಮದುವೆಯಾಗಿ ಬಂದಮೇಲೆ ಕುರಿಗಳ ಜಾಗಕ್ಕೆ ನಾವು ಬಂದೆವು.

ಒಂದು ದಿನ ಅವರು ನನ್ನನ್ನು ಕೇಳಿದರು, “ನೀ ದಿನಾ ಮ್ಯಾಲಿನ ಖೋಲ್ಯಾಗ ಕುಂತು ಏನ ಮಾಡ್ತಿ?”

“ನೀವು ಬಾಗಲದಾಗ ಮಾಡೋದೇ ಮಾಡ್ತೀನ್ರಿ ಅತ್ತಿ. ಯಾರು ಹೋದ್ರು, ಯಾರು ಬಂದ್ರು ನೋಡೋದು.”

“ಅದಕ್ಕ ಪಗಾರ ಕೊಡ್ತಾರೇನು?”

“ಕೊಡ್ತಾರ್ರಿ.”

“ಹಂಗಾದ್ರ ಇಷ್ಟು ವರ್ಷದ್ದು ನನಗ ಯಾರು ಕೊಡಬೇಕು?” ಎಂದರು ಅತ್ತೆ.

ನಾನು ಹೇಳಿದ್ದು ಸುಳ್ಳಲ್ಲ. ನನ್ನ ಕೆಲಸ ಪ್ರೋಗ್ರಾಮುಗಳ ತಪ್ಪು ಹುಡುಕುವ ಡಿಬಗರ್ ಎಂಬ ಸಲಕರಣೆಯನ್ನು ಪರೀಕ್ಷಿಸುವುದು. ಕಂಪ್ಯೂಟರಿನಲ್ಲಿ ಓಡುವ ಯಾವ ಪ್ರೋಗ್ರಾಮಿಗೂ ಸ್ವಂತ ಕೈ ಇಲ್ಲ. ಫೈಲು ತೆರೆಯಬೇಕಾದರೂ, ಒಂದಕ್ಷರ ಬರೆಯಬೇಕಾದರೂ, ಕೊನೆಗೆ ಒಂದು ಗಳಿಗೆ ನಿದ್ದೆ ಮಾಡಬೇಕಾದರೂ ಅದು ಕರ್ನಲ್ ಎಂಬ ಯಜಮಾನನ ಬಾಗಿಲಿಗೆ ಹೋಗಿ ಕೇಳಿಕೊಂಡು ಬರಬೇಕು. ಈ ಕೇಳಿಕೆಗೆ ಸಿಸ್ಟಮ್ ಕಾಲ್ ಎನ್ನುತ್ತಾರೆ. ಡಿಬಗರ್ ಆ ಬಾಗಿಲಲ್ಲಿ ನಿಂತು ಪ್ರೋಗ್ರಾಮನ್ನು ತಡೆಯುತ್ತದೆ. ಕೇಳಲು ಹೋಗುವಾಗ ಒಮ್ಮೆ, ಉತ್ತರ ತೆಗೆದುಕೊಂಡು ಬರುವಾಗ ಇನ್ನೊಮ್ಮೆ. ನಾನು ಒಂದು ಪುಟ್ಟ ಪ್ರೋಗ್ರಾಮನ್ನು ಬೇಕೆಂದೇ ಒಳಗೆ ಹೊರಗೆ ಓಡಾಡಿಸಿ, ಬಾಗಿಲಲ್ಲಿ ನಿಂತದ್ದು ಎಚ್ಚರವಾಗಿದೆಯೋ ತೂಕಡಿಸುತ್ತಿದೆಯೋ ನೋಡುತ್ತೇನೆ. ಕೀಟಲೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು. ನನ್ನ ಸ್ವಭಾವಕ್ಕೆ ಚೆನ್ನಾಗಿ ಹೊಂದುತ್ತದೆ.

ಗಲಾಟೆ ಶುರುವಾದದ್ದು ಮಾವನವರಿಂದ. ಡಾಕ್ಟರು ಅವರಿಗೆ ಕರಿದದ್ದನ್ನು ಪೂರ್ತಿ ಬಿಡಿಸಿದ್ದಾರೆ. ಒಂದು ಮಧ್ಯಾಹ್ನ ಕಲ್ಲಿನ ಪುಡಿ ಹಾರುವ ಗಾಳಿ ಎದ್ದು, ಅತ್ತೆ ತಲಬಾಗಿಲಿಗೆ ಅಗಳಿ ಹಾಕಿದ್ದರು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು.

“ಬಾಗಲ ತೆಗಿ,” ಎಂದಿತು ಹೊರಗಿನ ದನಿ, ಬಾಯಿ ತುಂಬಿಕೊಂಡು.

“ಯಾರು?”

“ನಾ.”

“ನಾ ಅಂದ್ರ ಯಾರು?”

“ನಿನ್ನ ಗಂಡ.”

“ನಮ್ಮ ಮನಿಯವರು ಒಳಗ ಮಲಗ್ಯಾರ. ನೀ ಯಾವನೋ?”

ಓಣಿಯೆಲ್ಲ ನಕ್ಕಿತು. ನಾನು ಇಳಿದು ಬಂದು ಅಗಳಿ ತೆಗೆದರೆ ಬಿಸಿಲಲ್ಲಿ ನಿಂತ ಮಾವನವರ ಮೀಸೆ ಮಿರಮಿರ ಮಿಂಚುತ್ತಿತ್ತು. ಗುಡಿಗೆ ಹೋಗಿದ್ದೆ ಎಂದರು. ಯಾವ ಗುಡಿಯಲ್ಲಿ ಎಣ್ಣೆಯ ಪ್ರಸಾದ ಕೊಡುತ್ತಾರೆ ಎಂದು ಕೇಳುವ ಆಸೆಯಾಯಿತು, ಆದರೆ ಸೊಸೆ ಕೇಳುವ ಮಾತಲ್ಲ.

ಅಲ್ಲಿಂದ ಮುಂದೆ ಅತ್ತೆಯ ಲೆಕ್ಕ ಮಾವನವರ ವಿಷಯದಲ್ಲಿ ತಿರುಗಿಬಿದ್ದಿತು. ಎದುರಿನ ಕೋಣೆಯಲ್ಲಿ ಮಾವ ನಿದ್ದೆ ಹೋಗಿದ್ದರೂ, ಬಂದವರಿಗೆ “ಹೊರಗ ಹೋಗ್ಯಾರ್ರಿ” ಎನ್ನುತ್ತಿದ್ದರು. ಮಾವ ಊರೆಲ್ಲ ಸುತ್ತುತ್ತಿದ್ದಾಗ “ಮಲಗ್ಯಾರ, ಸಪ್ಪಳ ಮಾಡಬ್ಯಾಡ್ರಿ” ಎಂದು ನಮ್ಮನ್ನು ಗದರುತ್ತಿದ್ದರು. ಕರಣಕೋಟದಿಂದ ಮಾವನವರನ್ನು ನೋಡಲು ಬಂದ ನೆಂಟರೊಬ್ಬರು ಹೀಗೇ ಬಾಗಿಲಿಂದ ವಾಪಸು ಹೋದರು. ಅದು ನನ್ನ ಗಂಡನ ಕಿವಿಗೆ ಬಿತ್ತು.

“ಅವ್ವಗ ವಯಸ್ಸಾತು,” ಎಂದರು ಇವರು. “ಬಾಗಲಿಗೆ ಒಂದು ಕ್ಯಾಮೆರಾ ಕೂಡಿಸೋಣ. ಹೊರಸು ಒಳಗಿನ ಖೋಲ್ಯಾಗ ಹಾಕೋಣ. ಆಕಿನೂ ಆರಾಮ ಮಲಗಲಿ.”

ಅತ್ತೆ ಕೈಯಿಂದ ಹೊರಸಿನ ಅಂಚನ್ನು ಹಿಡಿದುಕೊಂಡರು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಕಣ್ಣು ಹೋದ ಮೇಲೆ ಆ ಮನೆಯಲ್ಲಿ ಅವರಿಗೆ ಉಳಿದದ್ದು ಆ ಬಾಗಿಲೊಂದೇ. ಒಳಕೋಣೆಗೆ ಹಾಕಿದರೆ ಅವರು ಆರಾಮವಾಗಿ ಮಲಗುವುದಿಲ್ಲ, ಸೊರಗುತ್ತಾರೆ.

“ಪರೀಕ್ಷೆ ಮಾಡದೇ ತಪ್ಪು ಅಂತ ಹೇಳಬ್ಯಾಡ್ರಿ,” ಎಂದೆ ಗಂಡನಿಗೆ. “ನನಗ ನಾಕು ದಿನ ಕೊಡ್ರಿ. ಅತ್ತಿಯವರದೇ ತಪ್ಪಂದ್ರ ನಾನೇ ಹೊರಸು ಎತ್ತತೀನಿ.”

ಹಾಗೆ ಅತ್ತೆಯ ಪರೀಕ್ಷೆ ಶುರುವಾಯಿತು. ನಾನು ತಲಬಾಗಿಲಿಂದ ಹೋಗಿ ಹಿತ್ತಿಲಿಂದ ಬಂದು ಅವರ ಹಿಂದೆ ಸದ್ದಿಲ್ಲದೆ ನಿಂತೆ. “ಹಿತ್ತಲ ಕಡಿಂದ ಬಂದಿ ಯಾಕ? ಕೈಬಳಿ ಸಪ್ಪಳ ಒಳಗಿಂದ ಬಂತು,” ಎಂದರು. ಮರುದಿನ ಗಂಡನ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಭಾರವಾಗಿ ಹೆಜ್ಜೆ ಹಾಕಿದೆ. ಪಕ್ಕದ ಮನೆಯಾಕೆಗೆ ಅವರು ಹೇಳುತ್ತಿದ್ದದ್ದು ಕೇಳಿಸಿತು: “ನೋಡವ್ವ, ಮಗನ ಚಪ್ಪಲಿ ಸೊಸಿ ಹಾಕ್ಕೊಂಡು ಹೋಗ್ಯಾಳ. ಏನೋ ನಡದದ ಈ ಮನ್ಯಾಗ.” ನನ್ನ ಡಿಬಗರ್ ಇಷ್ಟು ಚುರುಕಾಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ.

ತಮಾಷೆಯೆಂದರೆ ಅದೇ ವಾರ ನನ್ನ ಡಿಬಗರೂ ತಿರುಗಿಬಿದ್ದಿತ್ತು. ಪ್ರೋಗ್ರಾಮು ಆಗಲೇ ಕರ್ನಲ್ ಬಾಗಿಲೊಳಗೆ ಹೋಗಿ ನಿದ್ದೆಯಲ್ಲಿದ್ದಾಗ ಡಿಬಗರನ್ನು ತಂದು ನಿಲ್ಲಿಸಿದ್ದೆ. ಅದು ಮೊದಲು ಕೇಳಿದ ಸಪ್ಪಳ ಪ್ರೋಗ್ರಾಮು ವಾಪಸು ಬರುವ ಸಪ್ಪಳ. ಡಿಬಗರ್ ಅದನ್ನೇ ಹೋಗುವ ಸಪ್ಪಳ ಎಂದುಕೊಂಡಿತು. ಆಮೇಲೆ ಎಲ್ಲವೂ ಉಲ್ಟಾ. ಹೋದಾಗ ಬಂತು ಎನ್ನುವುದು, ಬಂದಾಗ ಹೋಯಿತು ಎನ್ನುವುದು. ಒಂದು ಸಪ್ಪಳ ತಪ್ಪಿದರೆ ಸಾಕು, ಕೊನೆಯವರೆಗೂ ಸರಿಹೋಗುವುದಿಲ್ಲ. ಅದನ್ನು ನೋಡುತ್ತಿದ್ದಂತೆ ತಲೆಗೆ ಹೊಳೆಯಿತು. ಅತ್ತೆಗೂ ಎಲ್ಲೋ ಒಂದು ಟಕ್ ತಪ್ಪಿದೆ.

ಊಟವಾದ ಮೇಲೆ ಮೇಲಿನ ಕಿಟಕಿಯಿಂದ ಬಾಗಿಲನ್ನೇ ನೋಡುತ್ತ ಕೂತೆ. ತಡವಾಗಲಿಲ್ಲ. ಮಾವನವರು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಧೋತರ ಹಿಡಿದು ಬಾಗಿಲ ಸಂದಿಯಲ್ಲಿ ಕಾಣಿಸಿಕೊಂಡರು. ಆ ವಯಸ್ಸಿನಲ್ಲಿ, ಆ ಮೊಣಕಾಲಿನಲ್ಲಿ, ಸಡಿಲ ಕಲ್ಲನ್ನೂ ಹೊಸ್ತಿಲನ್ನೂ ಒಟ್ಟಿಗೆ ಟಗರಿನಂತೆ ಜಿಗಿದು ಓಣಿಗೆ ಬಿದ್ದರು. ಸಪ್ಪಳವೇ ಇಲ್ಲ. ಸ್ಟೇಷನ್ ರಸ್ತೆಯ ಮಿರ್ಚಿ ಭಜಿ ಬಂಡಿಯ ಕಡೆ ಹೊರಟರು. ವಾಪಸು ಬರುವಾಗ ಹೊಟ್ಟೆ ತುಂಬಿರುತ್ತದಲ್ಲ, ಜಿಗಿಯಲಾಗಲಿಲ್ಲ. ಕಲ್ಲು ಟಕ್ ಎಂದಿತು. “ಈಗ ಎದ್ದು ಹೋದ್ರು,” ಎಂದರು ಅತ್ತೆ ತಮ್ಮಷ್ಟಕ್ಕೆ.

ನಾನು ಮೆಟ್ಟಿಲ ಬಳಿ ಮಾವನವರನ್ನು ಹಿಡಿದೆ. ಅವರು ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. “ನೀ ಏನೂ ನೋಡಿಲ್ಲವ್ವ,” ಎಂದು ಪಿಸುಗುಟ್ಟಿದರು. ಭಜಿ ಇನ್ನೂ ಬಿಸಿಯಿತ್ತು. ತಿಂದುಬಿಟ್ಟೆ. ತಿಂದ ಮೇಲೆ ತಿಳಿಯಿತು, ಈಗ ಬಾಯಿ ಬಿಟ್ಟರೆ ನಾನೂ ಸಿಕ್ಕಿಬೀಳುತ್ತೇನೆ ಎಂದು.

ಡಿಬಗರಿನ ಸಮಸ್ಯೆಗೆ ನಮ್ಮ ತಂಡದವರು ಸುಲಭದ ದಾರಿ ಹುಡುಕಿದರು. ಸಪ್ಪಳ ನೆನಪಿಟ್ಟುಕೊಳ್ಳುವುದನ್ನು ಬಿಡಲಿ, ಪ್ರತಿ ಸಲವೂ ಕರ್ನಲನ್ನೇ ಕೇಳಲಿ, ಇದು ಹೋಗುವುದೋ ಬರುವುದೋ ಎಂದು. ಕೇಳಿದರೆ ಅದು ಹೇಳುತ್ತದೆ. ಚೆನ್ನಾಗಿತ್ತು. ಆದರೆ ನಮ್ಮ ಮನೆಯಲ್ಲಿ ಹೊರಟವರನ್ನು ಕೇಳುವಂತೆಯೇ ಇಲ್ಲವಲ್ಲ.

ನಾನು ದಾರಿ ಹುಡುಕುತ್ತಿರುವಾಗಲೇ ಗಂಡ ಅವಸರ ಮಾಡಿದರು. ಕ್ಯಾಮೆರಾ ಕೂಡಿಸುವವನು ಇನ್ನೇನು ಬರುತ್ತಾನೆಂದು, ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಹೊರಸನ್ನು ಎತ್ತಿ ಒಳಕೋಣೆಗೆ ಹಾಕಿಸಿದರು. ಅತ್ತೆ ಬಂದು ಕೂರಲು ಕೈ ಚಾಚಿದರು. ಕೈಗೆ ಗೋಡೆ ಸಿಕ್ಕಿತು. ಗೋಡೆಯನ್ನು ಅತ್ತಿತ್ತ ಸವರಿ ನೋಡಿದರು. ಆಮೇಲೆ ಒಳಗೆ ಹೋಗಿ ಕೈಚೀಲಕ್ಕೆ ಒಂದು ಸೀರೆ ತುರುಕಿಕೊಂಡು ಬಂದು ಕಲ್ಲಿನ ಮೇಲೆ ನಿಂತರು. ಟಕ್.

“ನಾರಾಯಣಖೇಡಕ್ಕ ಮಗಳ ಮನಿಗಿ,” ಎಂದರು. “ನಾ ಹೋಗ್ತೀನಿ.”

ಬರ್ತೀನಿ ಅನ್ನಲಿಲ್ಲ.

ಗಂಡನ ಮುಖ ಬಿಳಿಚಿಕೊಂಡಿತು. ನನ್ನ ಪರೀಕ್ಷೆಯ ಪ್ರೋಗ್ರಾಮಿನಲ್ಲಿ ಕೊನೆಯದೊಂದು ಕೇಳಿಕೆ ಇದೆ, ನನ್ನನ್ನು ಮುಗಿಸಿಬಿಡು ಎಂದು ಕರ್ನಲನ್ನು ಕೇಳುವುದು. ಅದೊಂದೇ ಹೋಗುವಾಗ ಮಾತ್ರ ಸಿಗುತ್ತದೆ, ಮತ್ತೆ ಬರುವುದಿಲ್ಲ. ಅದನ್ನು ಕಾಯಬಾರದು ಎಂದು ಡಿಬಗರಿಗೆ ಕಲಿಸಬೇಕು. ಡಿಬಗರಿಗೆ ಕಲಿಸಬಹುದು. ನನಗೆ ಆ ಗಳಿಗೆಯಲ್ಲಿ ಅಳು ಬಂತು.

ಆಗ ಒಳಗಿಂದ ಮಾವನವರು ಬಂದರು. “ತಪ್ಪು ಆಕಿದಲ್ಲ,” ಎಂದರು ಮಗನಿಗೆ. “ನಾ ಕಲ್ಲ ದಾಟಿ ಜಿಗಿದು ಭಜಿ ತಿನ್ನಾಕ ಹೋಗ್ತೀನಿ. ಸೊಸಿಗೂ ಗೊತ್ತದ. ಆಕಿನೂ ತಿಂದಾಳ.”

ನನ್ನ ಹೆಸರು ಹೇಳುವ ಅಗತ್ಯವೇನೂ ಇರಲಿಲ್ಲ.

ಅತ್ತೆ ದನಿ ಬಂದ ಕಡೆ ಮುಖ ತಿರುಗಿಸಿದರು. “ಜಿಗೀತೀರಿ? ಈ ವಯಸ್ಸಿನಾಗ?” ಎಂದರು. “ಜಿಗೀರಿ ನೋಡೂಣು.”

ಮಾವನವರು ಧೋತರ ಎತ್ತಿ ಜಿಗಿದರು. ಎಲ್ಲರೂ ನೋಡುತ್ತಿದ್ದರಿಂದಲೋ ಏನೋ, ಕಾಲು ಸರಿಯಾಗಿ ಕಲ್ಲಿನ ಮೇಲೇ ಬಿದ್ದು ಟಕ್ ಎಂದಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕರೂ ಚೀಲ ಕೆಳಗಿಡಲಿಲ್ಲ.

“ಬಾಯಾಗಿಂದ ಮಾತು ಹೋಗ್ಯಾದ,” ಎಂದರು. “ಈಗ ಹೋಗಲೇಬೇಕು.”

ಇಂಥದ್ದಕ್ಕೂ ನಮ್ಮಲ್ಲಿ ಒಂದು ಪರಿಹಾರ ಇದೆ, ಅದು ನನಗೆ ಸರಿಯಾದ ಹೊತ್ತಿಗೆ ನೆನಪಾಯಿತು. ಹೊರಡುವಾಗ ಅಪಶಕುನವಾದರೆ ಒಳಗೆ ಬಂದು, ಕೂತು, ನೀರು ಕುಡಿದು, ಬರ್ತೀನಿ ಎಂದು ಹೊಸದಾಗಿ ಹೊರಡಬೇಕು.

“ಕುಂತು ನೀರು ಕುಡಿದು ಹೋಗಿ ಬರ್ರಿ ಅತ್ತಿ,” ಎಂದೆ.

“ಎಲ್ಲಿ ಕುಂದ್ರಲಿ?” ಎಂದರು ಅತ್ತೆ.

ಗಂಡ ಒಳಕೋಣೆಗೆ ಹೋಗಿ ಹೊರಸನ್ನು ಒಬ್ಬರೇ ಹೊತ್ತು ತಂದು ಬಾಗಿಲ ಪಕ್ಕ, ಅದರ ಕಾಲುಗಳು ಇದ್ದ ಗುರುತಿನ ಮೇಲೇ ಇಟ್ಟರು. ಅತ್ತೆ ಕೂತರು. ನಾನು ನೀರು ಕೊಟ್ಟೆ. ಗುಟುಕು ಗುಟುಕಾಗಿ ಕುಡಿದರು. ತಂಬಿಗೆ ಖಾಲಿಯಾಯಿತು. ಅವರು ಮಾತ್ರ ಏಳಲಿಲ್ಲ, ಚೀಲವನ್ನು ಕಾಲಿನಿಂದ ಮೆಲ್ಲಗೆ ಹೊರಸಿನ ಕೆಳಗೆ ತಳ್ಳಿದರು. ಎಲ್ಲಿಗೆ, ಯಾವಾಗ ಎಂದು ನಾವು ಕೇಳಲಿಲ್ಲ. ಕೇಳಬಾರದಲ್ಲ.

ನಾವಿನ್ನೂ ಹಾಗೇ ಅವರ ಹಿಂದೆ ನಿಂತಿದ್ದಾಗ ಹೊಸ ಕಾಲೊಂದು ಕಲ್ಲಿನ ಮೇಲೆ ಬಿತ್ತು. ಕ್ಯಾಮೆರಾದ ಡಬ್ಬಿ ಹಿಡಿದುಕೊಂಡು ಅಂಗಡಿಯ ಆಳು ಬಂದಿದ್ದ. ತೆಲುಗಿನಲ್ಲಿ ಸಾರ್ ಇದ್ದಾರಾ ಎಂದು ಕೇಳಿದ.

“ಯಾರೂ ಇಲ್ಲಪ್ಪ,” ಎಂದರು ಅತ್ತೆ. “ಎಲ್ಲಾರೂ ಹೊರಗ ಹೋಗ್ಯಾರ.”

ಅವನು ಅತ್ತೆಯ ತಲೆಯ ಮೇಲಿಂದ ನಮ್ಮನ್ನು ನೋಡಿದ. ಮಾವನವರು ಬಾಯಿಗೆ ಕೈ ಅಡ್ಡ ಹಿಡಿದರು. ನಾನು ನೆಲ ನೋಡಿದೆ. ಬೆಳಿಗ್ಗೆಯಷ್ಟೇ ಅವನಿಗೆ ಫೋನು ಮಾಡಿ ಕರೆಸಿದ್ದ ನನ್ನ ಗಂಡ ಜಂತಿಯನ್ನು ನೋಡುತ್ತ ನಿಂತರು. ಅವನು ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡ.

“ಸರೇ ಅಮ್ಮಾ, ವಸ್ತಾನು,” ಎಂದ. ತೆಲುಗಿನಲ್ಲೂ ಹೋಗುವವರು ಬರ್ತೀನಿ ಎಂದೇ ಹೇಳಬೇಕು.

ಟಕ್.

“ಹೋದ,” ಎಂದರು ಅತ್ತೆ.

ಅವನು ಇವತ್ತಿಗೂ ಬಂದಿಲ್ಲ.